ಪಿಯಾನೋ ಅಕ್ಕನ ಕಿರುಬೆರಳು

ಪಿಯಾನೋ ಅಕ್ಕನ ಹತ್ತಿರ ಪಿಯಾನೋ ಇರಲಿಲ್ಲ. ಯಾವತ್ತೂ ಇರಲಿಲ್ಲ. ಇದ್ದದ್ದು ಅರವತ್ತೊಂದು ಕೀಗಳ ಒಂದು ಕೀಬೋರ್ಡು; ದಿನಾ ಸಂಜೆ ಅದನ್ನು ಮನೆಯಿಂದ ಹೊತ್ತೊಯ್ದು ಮಕ್ಕಳ ಬ್ಯಾಲೆ ಡ್ಯಾನ್ಸ್ ಕ್ಲಾಸಿಗೆ ನುಡಿಸುತ್ತಿದ್ದಳು. ಆದರೂ ಟೈರ್ ಅಂಗಡಿಯ ಮಹಡಿಯ ಮೇಲಿನ ಡ್ಯಾನ್ಸ್ ಹಾಲಿನಲ್ಲಿ ಇಪ್ಪತ್ತಾರು ವರ್ಷದಿಂದ ಮಕ್ಕಳು, ಮಕ್ಕಳ ತಾಯಂದಿರು, ಕೆಳಗೆ ಟೈರಿಗೆ ಗಾಳಿ ತುಂಬುವವನು, ಎಲ್ಲರ ಬಾಯಲ್ಲೂ ಅವಳು ಪಿಯಾನೋ ಅಕ್ಕನೇ. ಅವಳೇನೂ ತಿದ್ದಲು ಹೋಗಲಿಲ್ಲ. ಪುಕ್ಕಟೆ ಸಿಕ್ಕ ದೊಡ್ಡ ಹೆಸರನ್ನು ಯಾರು ತಾನೇ ಬೇಡ ಅಂತಾರೆ, ಹೇಳಿ?

ಇಂಥ ಅಕ್ಕ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ, ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಸಾಫ್ಟ್‌ವೇರ್ ಹುಡುಕಲು ಹೊರಟಳು. ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ಅವಳಿಗೆ ಕರೆಂಟ್ ಬಿಲ್ ಕಟ್ಟುವ ಯಂತ್ರ, ಅಷ್ಟೆ. ಈಗ ನೋಡಿದರೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಅದರಲ್ಲಿ ಗೆರೆ ಎಳೆದ ಕಾಲಂಗಳು, ಯಾವುದು ಎಷ್ಟು ದಿನ ಉಚಿತ, ಯಾವುದಕ್ಕೆ ಎಷ್ಟು ಮೆಮೊರಿ ಬೇಕು ಅಂತೆಲ್ಲ ಕೆಂಪು ಶಾಯಿಯಲ್ಲಿ ಟಿಪ್ಪಣಿ.

ಅವಳ ಗಂಡ ಫ್ರಿಜ್ ರಿಪೇರಿಯವರು. ಒಂದು ಬೆಳಿಗ್ಗೆ ಆ ಪುಸ್ತಕ ತಿರುವಿ ಹಾಕಿ ನಕ್ಕರು. “ನನ್ನನ್ನ ಒಪ್ಪೋವಾಗ ಇಷ್ಟು ವಿಚಾರಿಸಿದ್ದಿದ್ರೆ ನಾನು ಪಾಸಾಗ್ತಾನೇ ಇರಲಿಲ್ಲ ಕಣೇ.”

“ಆಗ ಬುದ್ಧಿ ಇರಲಿಲ್ಲ, ಬಿಡಿ” ಅಂದಳು ಅಕ್ಕ, ಪುಸ್ತಕ ಕಿತ್ತುಕೊಳ್ಳುತ್ತಾ. ಎಡಗೈಯಲ್ಲಿ ಕಿತ್ತುಕೊಂಡಳು. ಬಲಗೈ ಸೆರಗಿನ ಒಳಗಿತ್ತು.

ಯಾಕಮ್ಮಾ ಇದೆಲ್ಲ ಅಂತ ಕೇಳಿದವರಿಗೆಲ್ಲ ಅವಳದ್ದು ಒಂದೇ ಉತ್ತರ: ನಾಳೆ ನಾನು ಊರಿಗೆ ಗೀರಿಗೆ ಹೋದರೆ ಮಕ್ಕಳ ಕ್ಲಾಸು ನಿಲ್ಲಬಾರದಲ್ಲ. ಊರಂತೆ! ಇಪ್ಪತ್ತಾರು ವರ್ಷದಲ್ಲಿ ಈ ಹೆಂಗಸು ಊರು ಬಿಟ್ಟು ಹೋದದ್ದು ಎರಡು ಸಲ, ಎರಡೂ ಸಲ ಸಂಜೆಯ ಕ್ಲಾಸಿನ ಹೊತ್ತಿಗೆ ವಾಪಸು. ನಿಜವಾದ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಬಲಗೈಯ ಕಿರುಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ.

ಮೊದಲಿಗೆ ಬರೀ ಜೋಮು ಹಿಡಿದ ಹಾಗೆ ಆಗುತ್ತಿತ್ತು. ಕೈ ಕೊಡವಿಕೊಂಡರೆ ಹೋಗುತ್ತಿತ್ತು. ಆಮೇಲಾಮೇಲೆ ಕೊಡವಿದರೂ ಹೋಗದಾಯಿತು. ಪಕ್ಕದ ಉಂಗುರದ ಬೆರಳೂ ಅದರ ಸಹವಾಸಕ್ಕೆ ಬಿತ್ತು. ರಾಗ ಮೇಲೇರಿ ತುದಿಯ ಸ್ವರಕ್ಕೆ ಬಂದಾಗ ಕಿರುಬೆರಳು ಒಂದು ಕ್ಷಣ ತಡವಾಗಿ ಬೀಳುತ್ತಿತ್ತು, ಇಲ್ಲವೇ ಶಬ್ದವೇ ಬರದಷ್ಟು ಮೆತ್ತಗೆ. ಎರಡು ತಿಂಗಳಿಂದ ಹೀಗಾಗುತ್ತಿದೆ ಅಂತ ಅವಳ ಅಂದಾಜು. ಸುಸ್ತು, ವಯಸ್ಸು, ಬಟ್ಟೆ ಹಿಂಡಿದ್ದು ಜಾಸ್ತಿಯಾಯಿತು, ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಆದರೆ ಅವಳೇ ಈ ಸಮಾಧಾನವನ್ನೆಲ್ಲ ನಂಬಬೇಕಲ್ಲ!

ಯಾಕೆಂದರೆ ಅವಳ ಅಪ್ಪ ಗಡಿಯಾರ ರಿಪೇರಿಯವರಾಗಿದ್ದರು. ಅವರಿಗೂ ಶುರುವಾದದ್ದು ಒಂದೇ ಒಂದು ಬೆರಳಿನಿಂದ. ಮೊದಲು ಸಣ್ಣ ಸ್ಕ್ರೂ ಕೈಜಾರಿ ಬೀಳುತ್ತಿತ್ತು, ಆಮೇಲೆ ಇಡೀ ಕೈ ನಡುಗಲು ಶುರುವಾಯಿತು, ಕೊನೆಗೆ ಅಂಗಡಿಯ ಬಾಗಿಲು ಮುಚ್ಚಿತು. ನಾಲ್ಕು ಜನರ ಎದುರು ನೀರಿನ ಲೋಟ ಮುಟ್ಟುತ್ತಿರಲಿಲ್ಲ ಅಪ್ಪ. ಬಾಯಾರಿಕೆ ಆದರೂ “ಬೇಡಮ್ಮಾ” ಅನ್ನುತ್ತಿದ್ದರು. ಆ “ಬೇಡಮ್ಮಾ” ಅಕ್ಕನ ಕಿವಿಯಲ್ಲಿ ಇನ್ನೂ ಹಾಗೇ ಇತ್ತು. ಅದಕ್ಕೇ ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೆಸರು ಹೇಳಿಬಿಡುತ್ತಾರೆ. ಹೆಸರು ಹೇಳಿದ ಮೇಲೆ ಅದು ಹೋಗುವುದಿಲ್ಲ.

ಅವಳ ಉಪಾಯ ಇಷ್ಟು: ಕ್ಲಾಸಿಗೆ ಬೇಕಾದ ನಲವತ್ತೆರಡು ಟ್ಯೂನ್‌ಗಳನ್ನೂ ಬೆರಳು ಪೂರ್ತಿ ಕೈಕೊಡುವ ಮುಂಚೆ ಕಂಪ್ಯೂಟರಿಗೆ ಸೇರಿಸಿಬಿಡುವುದು. ಆಮೇಲೆ ಕೀಬೋರ್ಡಿನ ಮುಂದೆ ಕೂತು ಒಂದು ಗುಂಡಿ ಒತ್ತುವುದು. ಯಾರಿಗೂ ಏನೂ ತಿಳಿಯುವುದಿಲ್ಲ. ಐದು ವಾರದಲ್ಲಿ ಮಕ್ಕಳ ಡ್ಯಾನ್ಸ್ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಅಷ್ಟರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಎಲ್ಲರ ಎದುರಿಗೆ ಬೆರಳು ಬೀಳದೆ ಹೋಗುತ್ತದೆ, ಡ್ಯಾನ್ಸ್ ಮೇಡಂ ತಿರುಗಿ ನೋಡುತ್ತಾರೆ.

ಸಂಗೀತದ ಸಾಮಾನಿನ ಅಂಗಡಿಯಲ್ಲಿ ಒಬ್ಬ ಗಡ್ಡದವರಿದ್ದರು. ಮೂರು ಸಾಫ್ಟ್‌ವೇರ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸುವ ವೈರನ್ನೂ ಕೊಟ್ಟರು. “ಮೂರನ್ನೂ ಒಂದೊಂದು ತಿಂಗಳು ಪುಕ್ಕಟೆ ಬಳಸಬಹುದು, ಅಕ್ಕಾ. ನೋಡಿ ಆರಿಸ್ಕೊಳ್ಳಿ.”

“ನಾನು ನುಡಿಸಿದ್ದು ಹಾಗೇ ರೆಕಾರ್ಡ್ ಆಗುತ್ತಲ್ವಾ?” ಅಂತ ಕೇಳಿದಳು ಅಕ್ಕ.

“ಇದು ಮಿಡಿ ಅಂತ, ಅಕ್ಕಾ. ಶಬ್ದ ಹಿಡಿಯಲ್ಲ, ನಿಮ್ಮ ಬೆರಳನ್ನೇ ಹಿಡಿಯುತ್ತೆ. ಯಾವ ಕೀ ಒತ್ತಿದ್ರಿ, ಯಾವ ಗಳಿಗೇಲಿ ಒತ್ತಿದ್ರಿ, ಎಷ್ಟು ಜೋರಾಗಿ ಒತ್ತಿದ್ರಿ, ಯಾವಾಗ ಬಿಟ್ರಿ, ಒಂದನ್ನೂ ಬಿಡಲ್ಲ. ಕಿವಿಗೆ ಕೇಳಿಸದ್ದೂ ಅದಕ್ಕೆ ಗೊತ್ತಾಗುತ್ತೆ.”

ಅವರು ಹೊಗಳಿ ಹೇಳಿದ್ದು ಇವಳಿಗೆ ಬೆದರಿಕೆಯ ಹಾಗೆ ಕೇಳಿಸಿತು. ವೈರನ್ನು ಬ್ಯಾಗಿಗೆ ತುರುಕಿಕೊಂಡು, ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಹೊರಬಂದಳು.

ಮಧ್ಯಾಹ್ನ ಯಜಮಾನರು ರಿಪೇರಿಗೆ ಹೋದ ಮೇಲೆ, ನಡುಮನೆಯ ಕಿಟಕಿ ಮುಚ್ಚಿ ಕೆಲಸಕ್ಕೆ ಕೂರುತ್ತಿದ್ದಳು. ಮೊದಲನೆಯ ಸಾಫ್ಟ್‌ವೇರ್ ಬರೀ ಥಳಕು. ತೆರೆದರೆ ಬಣ್ಣಬಣ್ಣದ ದೀಪ, ಡ್ರಮ್ಮು, ಒಂದು ಕೀ ಒತ್ತಿದರೆ ಸಾಕು, ತನ್ನಷ್ಟಕ್ಕೆ ತಾನೇ ಇಡೀ ಬ್ಯಾಂಡಿನವರು ಒಳಗೆ ನುಗ್ಗಿ ಬಾರಿಸಲು ಶುರು. “ನಿನ್ನನ್ನ ಯಾರಪ್ಪ ಕರೆದ್ರು?” ಅಂತ ಬೈದು ಮುಚ್ಚಿದಳು.

ಮೂರನೆಯದು ಹಳೆಯ ಕಾಲದ್ದು. ಬೂದಿ ಬಣ್ಣದ ಕಿಟಕಿ, ಅದರ ತುಂಬ ಅಂಕಿಗಳ ಪಟ್ಟಿ, ಥೇಟ್ ರೈಲ್ವೆ ರಿಸರ್ವೇಶನ್ ಚಾರ್ಟು. ಒಂದು ಟ್ಯೂನ್ ನುಡಿಸಿ ನೋಡಿದಳು. ಒತ್ತಿದ ಜೋರಿನ ಕಾಲಮ್ಮಿನಲ್ಲಿ ಎಪ್ಪತ್ತೊಂದು, ಎಪ್ಪತ್ತು, ಎಪ್ಪತ್ಮೂರು, ಆಮೇಲೆ ಇಪ್ಪತ್ತೆರಡು. ಮತ್ತೆ ಎಪ್ಪತ್ತು, ಎಪ್ಪತ್ತೆರಡು, ಆಮೇಲೆ ಹತ್ತೊಂಬತ್ತು. ಯಾರೋ ಬಾಗಿಲು ತಳ್ಳಿಕೊಂಡು ಬಂದರೇನೋ ಎಂಬಂತೆ ಅಕ್ಕ ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದಳು. ನೋಟ್‌ಬುಕ್ಕಿನಲ್ಲಿ ಅದರ ಮುಂದೆ “ಕಷ್ಟ, ಬೇಡ” ಅಂತ ಬರೆದಳು. ಕಷ್ಟವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬೇಡ ಅನ್ನುವುದೊಂದು ನಿಜ.

ಅವಳ ಮನಸ್ಸು ಗೆದ್ದದ್ದು ಎರಡನೆಯದು. ಅದರಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ತಡವಾಗಿ ಬಿದ್ದ ಸ್ವರಗಳೆಲ್ಲ ಜರುಗಿ ತಮ್ಮ ತಮ್ಮ ಜಾಗದಲ್ಲಿ ಗಪ್‌ಚಿಪ್ ಕೂರುತ್ತಿದ್ದವು. ಇನ್ನೊಂದು ಗುಂಡಿ ಒತ್ತಿದರೆ ಮೆತ್ತಗಿದ್ದದ್ದು ಜೋರಾಗುತ್ತಿತ್ತು. ಬೀಳದೇ ಹೋದ ಸ್ವರವನ್ನು ಮೌಸ್‌ನಲ್ಲಿ ಒತ್ತಿ ಕೂರಿಸಿದರಾಯಿತು. ಮೊದಲ ಟ್ಯೂನ್ ತಿದ್ದಿ ಕೇಳಿದಾಗ ಅಕ್ಕನ ಕಣ್ಣಲ್ಲಿ ನೀರು ಬಂತು. ಕಿರುಬೆರಳು ಹತ್ತು ವರ್ಷ ಹಿಂದಿನ ಹಾಗೆ ಟಣ್ ಅಂತ ಬಿದ್ದಿತ್ತು! “ಅಬ್ಬಾ, ಬದುಕಿದೆ” ಅಂದಳು ಗೋಡೆಗೆ.

ಹನ್ನೊಂದು ಮಧ್ಯಾಹ್ನಗಳಲ್ಲಿ ನಲವತ್ತೆರಡೂ ಮುಗಿದವು. ಊಟ ಎರಡು ತುತ್ತು, ಒಗೆದ ಬಟ್ಟೆ ಬಕೆಟ್ಟಿನಲ್ಲೇ. ಬಾಗಿಲ ಹೊರಗೆ ಚಪ್ಪಲಿಯ ಸದ್ದಾದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದಳು. ಕಳ್ಳತನ ಮಾಡುವವರಿಗೂ ಇಷ್ಟು ಭಯ ಇರುತ್ತದೋ ಇಲ್ಲವೋ. ಇವಳು ಕದಿಯುತ್ತಿದ್ದದ್ದು ತನ್ನದೇ ಕೈಯನ್ನು.

ಬುಧವಾರ ಲ್ಯಾಪ್‌ಟಾಪನ್ನು ಕೀಬೋರ್ಡಿನ ಜೊತೆ ಹಾಲಿಗೆ ಹೊತ್ತುಕೊಂಡು ಹೋದಳು. ಆ ಹಾಲಿನ ಬಗ್ಗೆ ಒಂದು ಮಾತು ಹೇಳಬೇಕು. ಒಂದು ಗೋಡೆಯ ತುಂಬ ಕನ್ನಡಿ, ಎದುರಿನ ಗೋಡೆಗೆ ಮಕ್ಕಳು ಹಿಡಿದು ನಿಲ್ಲುವ ಮರದ ಕಂಬಿ, ಕೆಳಗಿನಿಂದ ಸದಾ ಹೊಸ ರಬ್ಬರಿನ ವಾಸನೆ. ಅಕ್ಕ ನುಡಿಸುವಾಗ ತನ್ನ ಕೈಯನ್ನು ನೋಡುವವಳೇ ಅಲ್ಲ. ಕನ್ನಡಿಯಲ್ಲಿ ಮಕ್ಕಳ ಪಾದ ನೋಡುತ್ತಾಳೆ. ಪಾದ ನೆಲ ಬಿಟ್ಟರೆ ಸ್ವರ, ನೆಲ ಮುಟ್ಟಿದರೆ ಸ್ವರ. ಇಪ್ಪತ್ತಾರು ವರ್ಷದ ಅಭ್ಯಾಸ ಅದು. ಅದಕ್ಕೇ ಡ್ಯಾನ್ಸ್ ಮೇಡಂ ಬೇರೆ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸುತ್ತಿರಲಿಲ್ಲ.

ಅವತ್ತು ಅಕ್ಕ ಗುಂಡಿ ಒತ್ತಿ, ಬರೀ ಕೈ ಕಟ್ಟಿಕೊಂಡು ಕನ್ನಡಿ ನೋಡುತ್ತಾ ಕೂತಳು. ಟ್ಯೂನ್ ಶುರುವಾಯಿತು. ಹನ್ನೆರಡು ಮಕ್ಕಳು ಕಂಬಿ ಹಿಡಿದು ಮೊಣಕಾಲು ಬಾಗಿಸಿದರು. ಐದು, ಆರು, ಏಳು. ಎಂಟನೇ ಎಣಿಕೆಗೆ ರಾಗ ತುದಿಗೇರಿ ಎಲ್ಲರೂ ಒಟ್ಟಿಗೆ ಮೇಲೇಳಬೇಕು. ಸ್ವರ ಟಣ್ ಅಂತು. ಒಂದು ಮಗುವೂ ಏಳಲಿಲ್ಲ. ಹನ್ನೆರಡೂ ಮಕ್ಕಳು ಅರ್ಧ ಕ್ಷಣ ಹಾಗೇ ಕೆಳಗೇ ಕಾದು, ಆಮೇಲೆ ಎದ್ದರು. ಅಷ್ಟರಲ್ಲಿ ಸಂಗೀತ ಮುಂದೆ ಹೋಗಿಬಿಟ್ಟಿತ್ತು, ಸಾಲು ಚೆಲ್ಲಾಪಿಲ್ಲಿ.

“ಏನ್ರೋ ಆಯ್ತು ನಿಮಗೆ? ಇನ್ನೊಂದ್ಸಲ!” ಅಂದರು ಮೇಡಂ.

ಇನ್ನೊಂದು ಸಲವೂ ಅದೇ ಎಂಟಕ್ಕೆ, ಅದೇ ಅರ್ಧ ಕ್ಷಣ. ಮೂರನೇ ಸಲ ಒಬ್ಬಿಬ್ಬರು ಎಡವಿ ನಕ್ಕರು. ಸಾಲಿನ ತುದಿಯಲ್ಲಿದ್ದವಳು ಎಲ್ಲರಿಗಿಂತ ಸಣ್ಣವಳು, ತೆಳ್ಳಗಿದ್ದಾಳೆಂದು ಎಲ್ಲರೂ ಕಡ್ಡಿ ಅಂತಲೇ ಕರೆಯುವವಳು. ಅವಳು ಕೈಯೆತ್ತಿದಳು. “ಮೇಡಂ, ಅಕ್ಕ ಇಲ್ಲಿ ಒಂಚೂರು ನಿಲ್ತಾರೆ. ಆಮೇಲೇ ನಾವು ಏಳೋದು. ಇದು ನಿಲ್ತಾನೇ ಇಲ್ಲ.”

“ಹೌದು ಮೇಡಂ, ಇದು ನಮ್ಮ ಟ್ಯೂನಲ್ಲ” ಅಂತ ಉಳಿದವರೂ ದನಿಗೂಡಿಸಿದರು.

ಅಕ್ಕನಿಗೆ ಕನ್ನಡಿಯಲ್ಲಿ ಕಂಡದ್ದು ಮಕ್ಕಳ ಪಾದವಲ್ಲ, ಅವಳದೇ ಕಿರುಬೆರಳು. ಅದು ಎಷ್ಟು ತಡವಾಗಿ ಬೀಳುತ್ತಿತ್ತೋ ಅಷ್ಟೇ ತಡವಾಗಿ ಹನ್ನೆರಡು ಮಕ್ಕಳು ಏಳಲು ಕಲಿತಿದ್ದರು. ಈ ತಂಡ ಕ್ಲಾಸಿಗೆ ಸೇರಿದ್ದು ಯಾವಾಗ? ಲೆಕ್ಕ ಹಾಕಿದಳು. ಹದಿಮೂರು ತಿಂಗಳು. ಬಂದ ಮೊದಲ ವಾರ ಕಲಿತ ಟ್ಯೂನು ಇದು. ಹಾಗಾದರೆ ಎರಡು ತಿಂಗಳಲ್ಲ, ಹದಿಮೂರು ತಿಂಗಳಿಂದ ಈ ಕೈ ಹೀಗಿದೆ. ತನಗೇ ಗೊತ್ತಿಲ್ಲದ ಹಾಗೆ ಒಂದು ಕೋಣೆಯ ಮಕ್ಕಳನ್ನೆಲ್ಲ ತನ್ನ ಹಾಗೆ ಕುಂಟಿಸಿದ್ದಾಳೆ.

ಮೇಡಂ ಹತ್ತಿರ ಬಂದು ಭುಜ ಮುಟ್ಟಿದರು. “ಅದು ನಿಮ್ಮ ಸ್ಟೈಲು ಅಕ್ಕಾ, ನನಗೂ ಬಹಳ ಇಷ್ಟ. ಈ ಮಷೀನಿನದ್ದು ತೀರಾ ಇಸ್ತ್ರಿ ಹಾಕಿದ ಹಾಗಿದೆ. ನೀವು ನುಡಿಸೋ ಹಾಗೇ ಬರಲಿ. ಪರೀಕ್ಷೆಗೆ ಇನ್ನು ಹದಿನೆಂಟೇ ದಿನ, ಮಕ್ಕಳಿಗೆ ಹೊಸದಾಗಿ ಕಲಿಸಕ್ಕೆ ಟೈಮಿಲ್ಲ.”

ಸ್ಟೈಲಂತೆ ಸ್ಟೈಲು. ಅಕ್ಕ ನಗಲು ನೋಡಿದಳು. ಮುಖ ಸಹಕರಿಸಲಿಲ್ಲ.

ಅಲ್ಲಿಗೆ ಎರಡನೆಯದರ ಕಥೆ ಮುಗಿಯಿತು. ಆ ಗುಂಡಿಯನ್ನು ಒಮ್ಮೆ ಒತ್ತಿದ ಮೇಲೆ ಅದು ನುಡಿಸುವಾಗಲೇ ತಿದ್ದಿಟ್ಟುಕೊಳ್ಳುತ್ತಿತ್ತು. ಬೇಡ ಅಂದರೆ ನಿಲ್ಲಿಸುವುದು ಹೇಗೋ ಅವಳಿಗೆ ತಿಳಿಯಲಿಲ್ಲ. ಗಡ್ಡದವರಿಗೆ ಫೋನ್ ಮಾಡಿದರೆ, “ಹಾಗಾದ್ರೆ ಮೂರನೇದೇ ಗತಿ, ಅಕ್ಕಾ. ಅದು ಇದ್ದದ್ದನ್ನ ಇದ್ದ ಹಾಗೆ ಇಡುತ್ತೆ” ಅಂದರು. ಇದ್ದದ್ದನ್ನು ಇದ್ದ ಹಾಗೆ! ಅದಕ್ಕಲ್ಲವೇ ಅವಳು ಹೆದರಿ ಓಡಿಬಂದದ್ದು?

ಬೇರೆ ದಾರಿ ಇರಲಿಲ್ಲ. ಗುರುವಾರದಿಂದ ಬೂದಿ ಬಣ್ಣದ ಕಿಟಕಿಯ ಮುಂದೆ ಮತ್ತೆ ಮೊದಲಿನಿಂದ ನುಡಿಸತೊಡಗಿದಳು. ಪ್ರತಿ ಸ್ವರಕ್ಕೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಅಂಕಿ. ನೋಡಬಾರದು ಅಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇಪ್ಪತ್ತೆರಡು. ಹದಿನೇಳು. ಒಂದು ಕಡೆ ಒಂಬತ್ತು. ಕೊನೆಗೆ ಒಂದು ಹಳೆಯ ಲಕೋಟೆಯನ್ನು ಉದ್ದಕ್ಕೆ ಕತ್ತರಿಸಿ, ಆ ಕಾಲಮ್ಮಿನ ಮೇಲೆ ಸರಿಯಾಗಿ ಬರುವಂತೆ ಪರದೆಗೆ ಟೇಪು ಹಾಕಿ ಅಂಟಿಸಿದಳು. ಹಾಗೆ ಕಣ್ಣಿಗೆ ಕಾಗದ ಕಟ್ಟಿಕೊಂಡು ಮೂರು ಮಧ್ಯಾಹ್ನದಲ್ಲಿ ಇಪ್ಪತ್ತು ಟ್ಯೂನ್ ಮುಗಿಸಿದಳು. ಬಲಗೈ ಸಂಜೆಯ ಹೊತ್ತಿಗೆ ಮರಗಟ್ಟಿ, ತಲೆಗೂದಲು ಹೆಣೆದುಕೊಳ್ಳುವುದೂ ಆಗುತ್ತಿರಲಿಲ್ಲ. ಸುಮ್ಮನೆ ಗಂಟು ಹಾಕಿಕೊಂಡು ಕ್ಲಾಸಿಗೆ ಓಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಲಕೋಟೆಯ ಪಟ್ಟಿ ಅವರ ಕೈಯಲ್ಲಿತ್ತು.

“ಪರದೆ ಒಡೆದುಹೋಗಿದೆ ಅಂದ್ಕೊಂಡೆ” ಅಂದರು. “ನೋಡಿದ್ರೆ ಚೆನ್ನಾಗೇ ಇದೆ. ಇದ್ಯಾತಕ್ಕೆ ಅಂಟಿಸಿದ್ದೀಯಾ?”

“ಬೆಳಕು ಕಣ್ಣಿಗೆ ಹೊಡೆಯುತ್ತೆ. ಬಿಡಿ ಅದನ್ನ, ಏನಾದ್ರೂ ಅಳಿಸಿಹೋದೀತು.”

ಬಿಟ್ಟರೆ ತಾನೇ? ಈ ಮನುಷ್ಯನಿಗೆ ಸಂಗೀತದ ಗಂಧಗಾಳಿ ಇಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ನುಡಿಸುವ ಒಂದು ಟ್ಯೂನಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿದವರಲ್ಲ. ಆದರೆ ಅಂಕಿಗಳ ಸಾಲು ಕೊಡಿ, ಮುಗಿಯಿತು. ಫ್ರಿಜ್ಜಿನ ಹಿಂದೆ ಮೀಟರ್ ಹಿಡಿದು ಕೂತು, ಮುಳ್ಳು ಎಲ್ಲಿ ಬೀಳುತ್ತದೆ ಎಲ್ಲಿ ಏಳುತ್ತದೆ ಅಂತ ನೋಡಿ ನೋಡಿಯೇ ಜೀವನ ಸವೆಸಿದವರು. ಪಟ್ಟಿಯನ್ನು ಬೆರಳಿನಿಂದ ಕೆಳಕೆಳಗೆ ಇಳಿಸುತ್ತಾ ಹೋದರು.

“ಲೇ, ಇಲ್ಲಿ ಪದೇ ಪದೇ ಬೀಳ್ತಾ ಇದೆ ನೋಡು. ಎಪ್ಪತ್ತು, ಎಪ್ಪತ್ತು, ಇಪ್ಪತ್ತು. ಮತ್ತೆ ಇಪ್ಪತ್ತು. ನಿನ್ನ ಪೆಟ್ಟಿಗೇಲಿ ಯಾವುದೋ ಕೀ ಕೈಕೊಟ್ಟಿದೆ.” ಅವರ ಮುಖ ಅರಳಿತ್ತು. “ಒಳಗೆ ಧೂಳು ಕೂತಿರುತ್ತೆ. ಹತ್ತು ನಿಮಿಷದ ಕೆಲಸ. ಬಿಚ್ಚೇ ಬಿಡ್ತೀನಿ.”

ಬೇಡ ಅನ್ನಬೇಕಿತ್ತು ಅಕ್ಕ. ಅನ್ನಲಿಲ್ಲ. ಯಾಕೆಂದರೆ ಆ ಕ್ಷಣದಲ್ಲಿ ಅವಳಿಗೊಂದು ಹುಚ್ಚು ಆಸೆ ಹುಟ್ಟಿಬಿಟ್ಟಿತು. ಹೌದಲ್ಲ! ಕೆಟ್ಟಿರುವುದು ಪೆಟ್ಟಿಗೆಯೇ ಯಾಕಾಗಿರಬಾರದು? ಜೋಮು ಬೇರೆ, ಇದು ಬೇರೆ ಯಾಕಾಗಿರಬಾರದು? ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ನಿಂತಳು. ನಡುಮನೆಯಲ್ಲಿ ಸ್ಕ್ರೂಗಳು ಒಂದೊಂದಾಗಿ ಸ್ಟೀಲ್ ಮುಚ್ಚಳಕ್ಕೆ ಬೀಳುವ ಸದ್ದು. ಆಮೇಲೆ ಬ್ರಷ್ಷಿನ ಸದ್ದು. ಆಮೇಲೆ ಮತ್ತೆ ಸ್ಕ್ರೂ. ದೇವರೇ, ಒಂದೇ ಒಂದು ಕೀ ಕೆಟ್ಟಿರಲಪ್ಪಾ, ಅಂತ ಅವಳು ಕೈಮುಗಿಯುವುದೊಂದು ಬಾಕಿ.

ಆಮೇಲೆ ಅವರು ಎಡತುದಿಯಿಂದ ಒಂದೊಂದೇ ಕೀ ಒತ್ತತೊಡಗಿದರು. ದಪ್ಪ ಬೆರಳು, ಒಂದೇ ಹದ. ಒತ್ತುವುದು, ಪರದೆ ನೋಡುವುದು, ಅಂಕಿಯನ್ನು ಜೋರಾಗಿ ಓದುವುದು. “ಅರವತ್ತೆರಡು... ಅರವತ್ತು... ಅರವತ್ತೊಂದು...” ಅಕ್ಕ ನಲ್ಲಿ ನಿಲ್ಲಿಸಿದಳು. ಮೂವತ್ತು ಕೀ ಆಯಿತು, ನಲವತ್ತಾಯಿತು. “ಅರವತ್ತೊಂದು... ಅರವತ್ಮೂರು...” ದನಿ ಮೇಲೆ ಮೇಲೆ ಹೋಯಿತು. ಐವತ್ತೆಂಟು, ಐವತ್ತೊಂಬತ್ತು ಅಂತ ಅವಳೂ ಕೀಗಳನ್ನು ಎಣಿಸುತ್ತಿದ್ದಳು. ಕೊನೆಯ ಕೀ ಬಂತು. “ಅರವತ್ತು” ಅಂದರು ಯಜಮಾನರು.

ಮೌಸ್ ಉರುಳಿಸುವ ಸದ್ದು ಕೇಳಿಸಿತು. ಅವರು ಪಟ್ಟಿಯನ್ನು ಮೊದಲಿನಿಂದ ನೋಡುತ್ತಿದ್ದಾರೆ ಅಂತ ಅವಳಿಗೆ ನೋಡದೆಯೇ ಗೊತ್ತಾಯಿತು. ರಿಪೇರಿಯವರ ಬುದ್ಧಿ ಅದು: ಒಂದೇ ಕೀ ಮತ್ತೆ ಮತ್ತೆ ಬಿದ್ದರೆ ಪೆಟ್ಟಿಗೆಯ ದೋಷ, ಒಂದು ಟ್ಯೂನಿನಲ್ಲಿ ಒಂದು ಕೀ, ಇನ್ನೊಂದರಲ್ಲಿ ಇನ್ನೊಂದು ಕೀ ಬಿದ್ದರೆ ದೋಷ ಬೇರೆ ಕಡೆ ಇದೆ. ಕುರ್ಚಿ ಜರುಗಿತು. ಹೆಜ್ಜೆ ಅಡುಗೆಮನೆಯ ಬಾಗಿಲವರೆಗೆ ಬಂತು.

“ಪೆಟ್ಟಿಗೆ ಸರಿ ಇದೆ ಕಣೇ” ಅಂದರು.

ಅಕ್ಕ ಇನ್ನೊಂದು ಪಾತ್ರೆ ಕೈಗೆತ್ತಿಕೊಂಡಳು.

“ಕೈ ಕೊಡಿಲ್ಲಿ.”

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಎಡಗೈ ಚಾಚಿದಳು.

“ಇದಲ್ಲ” ಅಂದರು.

ಬಲಗೈ ಕೊಟ್ಟಳು. ಅವರು ಕಿರುಬೆರಳನ್ನು ತಮ್ಮ ಎರಡು ಬೆರಳಿನಲ್ಲಿ ಹಿಡಿದು, “ಒತ್ತು” ಅಂದರು. ಒತ್ತಿದಳು. “ಒತ್ತೇ!” ಅಂದರು ಮತ್ತೆ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತುತ್ತಲೇ ಇದ್ದಳು ಅಕ್ಕ.

“ಎಷ್ಟು ದಿನದಿಂದ?”

“ಹದಿಮೂರು ತಿಂಗಳು.”

“ಲೆಕ್ಕ ಬೇರೆ ಇಟ್ಟಿದ್ದೀಯಾ!”

“ನಾನಲ್ಲ ರೀ. ಮಕ್ಕಳು ಇಟ್ಟಿದ್ರು.” ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. “ಅಪ್ಪನ ಹಾಗೇ ಆಗ್ತೀನಿ ಅಂತ ಭಯ ನನಗೆ. ಬಹಳ ಭಯ.”

ಯಜಮಾನರು ಮೆತ್ತಗೆ ಮಾತಾಡಿ ಅಭ್ಯಾಸ ಇದ್ದವರಲ್ಲ. ಬೈದರು. “ಊರಿನವರ ಮನೇಲೆಲ್ಲ ಗ್ಯಾಸ್ ಎಲ್ಲಿ ಸೋರ್ತಾ ಇದೆ ಅಂತ ಹುಡುಕಿ ಹೇಳೋನು ನಾನು. ನನ್ನ ಮನೇದೇ ನನಗೆ ಗೊತ್ತಾಗದ ಹಾಗೆ ಮಾಡಿದ್ಯಲ್ಲೇ, ಪೆದ್ದಿ!” ಬೈಯುತ್ತಲೇ ಇದ್ದರು. ಕೈ ಮಾತ್ರ ಬಿಡಲಿಲ್ಲ.

ಮಂಗಳವಾರ ನರದ ಡಾಕ್ಟರ ಬಳಿ ಹೋದರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಹೆಂಗಸು, ಸಣ್ಣ ಕೋಣೆ, ಗೋಡೆಗೆ ಬೆನ್ನುಮೂಳೆಯ ಚಿತ್ರ. ಮಾವನ ಕೈನಡುಕದ ವಿಷಯವನ್ನು ಯಜಮಾನರು ಹೇಳಿದ ಮೇಲೆ, ಯಾವ ಬೆರಳು, ಯಾವಾಗಿನಿಂದ, ಎಷ್ಟು ಅಂತ ಕೇಳಿದರು. ಇಷ್ಟು ದಿನ “ಏನಿಲ್ಲ, ಸ್ವಲ್ಪ ಜೋಮು” ಅಂತಲೇ ತನಗೆ ತಾನೇ ಹೇಳಿಕೊಂಡು ರೂಢಿಯಾಗಿದ್ದ ಅಕ್ಕ, ಬ್ಯಾಗಿನಿಂದ ಪ್ರಿಂಟ್ ಮಾಡಿಸಿದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಬೂದಿ ಬಣ್ಣದ ಸಾಫ್ಟ್‌ವೇರಿನ ಅಂಕಿಗಳ ಪಟ್ಟಿ. ಕಿರುಬೆರಳಿನ ಸಾಲುಗಳಿಗೆಲ್ಲ ಕೆಂಪು ಶಾಯಿಯಲ್ಲಿ ತಾನೇ ಗೆರೆ ಎಳೆದಿದ್ದಳು. ಹಿಂದಿನ ಹನ್ನೊಂದು ಮಧ್ಯಾಹ್ನ ನುಡಿಸಿದ್ದೆಲ್ಲ ತಿದ್ದಿ ಅಳಿಸಿಹೋಗಿತ್ತು. ಉಳಿದದ್ದು ಇಷ್ಟೇ.

ಡಾಕ್ಟರು ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಅವಳ ಬಲ ಮೊಣಕೈ ಮಡಚಿ, ಒಳಬದಿಯಲ್ಲಿ ಬೆರಳಿನಿಂದ ತಟ್ಟಿದರು. ಕಿರುಬೆರಳಿನ ತುದಿಯವರೆಗೆ ಕರೆಂಟ್ ಹೊಡೆದ ಹಾಗಾಗಿ ಅಕ್ಕ ಚೀರಿದಳು.

“ಮಲಗೋವಾಗ ಈ ಕೈ ಮಡಚಿ ತಲೆ ಕೆಳಗೆ ಇಟ್ಕೊಳ್ತೀರಾ?”

“ಇಪ್ಪತ್ತೆಂಟು ವರ್ಷದಿಂದ” ಅಂದರು ಯಜಮಾನರು, ಅವಳಿಗಿಂತ ಮೊದಲು.

“ನಿಮ್ಮ ತಂದೆಯವರ ಕಾಯಿಲೆ ಇದಲ್ಲ. ಮೊಣಕೈಯಲ್ಲಿ ನರ ಒತ್ತಿಹೋಗಿದೆ. ಟೆಸ್ಟ್ ಮಾಡಿಸೋಣ, ಬಹುಶಃ ಸಣ್ಣ ಆಪರೇಷನ್ ಬೇಕಾಗುತ್ತೆ. ಮೂರ್ನಾಲ್ಕು ತಿಂಗಳು ನುಡಿಸೋ ಹಾಗಿಲ್ಲ.”

ಯಜಮಾನರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಅಕ್ಕನಿಗೆ ಉಸಿರು ಬಿಡಲಾಗಲಿಲ್ಲ. “ಮೊದಲಿನ ಹಾಗಾಗುತ್ತಾ, ಡಾಕ್ಟ್ರೇ?”

“ಆಗಬಹುದು. ಆಗದೇನೂ ಇರಬಹುದು.” ಡಾಕ್ಟರು ಹಣೆಯ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. “ಹತ್ತು ತಿಂಗಳ ಹಿಂದೆ ಬಂದಿದ್ರೆ ಈ ಎರಡನೇ ಮಾತು ಹೇಳ್ತಾ ಇರಲಿಲ್ಲ ನಾನು. ಯಾಕಮ್ಮಾ ಬರಲಿಲ್ಲ? ಕೈ ಹೋಗಿಬಿಡುತ್ತೆ ಅಂತ ಭಯಾನಾ?”

ಅಕ್ಕ ಅಲ್ಲವೆಂದು ತಲೆಯಾಡಿಸಿದಳು. “ಕೈ ಹೋಗುತ್ತೆ ಅಂತಲ್ಲ. ಹೋಗಿದೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಂತ.”

ಹೊರಗಿನ ಬೆಂಚಿನ ಮೇಲೆ ಕೂತು, ಗಂಡನ ಕೈಯಿಂದ ಫೋನ್ ಇಸಿದುಕೊಂಡು, ಡ್ಯಾನ್ಸ್ ಮೇಡಂಗೆ ತಾನೇ ಫೋನ್ ಮಾಡಿದಳು. ಸುತ್ತುಬಳಸಲಿಲ್ಲ. “ಮೇಡಂ, ನನ್ನ ಕಿರುಬೆರಳು ಕೆಲಸ ಮಾಡ್ತಾ ಇಲ್ಲ. ಹದಿಮೂರು ತಿಂಗಳಾಯ್ತು. ಮಕ್ಕಳು ಎಂಟಕ್ಕೆ ನಿಲ್ತಾರಲ್ಲ, ಅದು ಸ್ಟೈಲಲ್ಲ. ಅದೇ ಇದು.”

ಮೆಟ್ಟಿಲ ಕೆಳಗಿನ ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದು ಮಾತ್ರ ಫೋನಿನಲ್ಲಿ ಕೇಳಿಸುತ್ತಿತ್ತು.

“ಮೂರನೇ ಸಾಫ್ಟ್‌ವೇರನ್ನೇ ತಗೊಳ್ತೀನಿ” ಅಂದಳು ಅಕ್ಕ, ಆ ಮೌನಕ್ಕೆ ಹೆದರಿ ಬೇಗ ಬೇಗ. “ನಲವತ್ತೆರಡಕ್ಕೆ ಇಪ್ಪತ್ತಾಗಿದೆ. ಪರೀಕ್ಷೆಗೆ ಅಷ್ಟು ಸಾಕು. ಒಂದನ್ನೂ ತಿದ್ದಿಲ್ಲ, ನಾನು ನುಡಿಸಿದ ಹಾಗೇ ಇದೆ, ಮಕ್ಕಳಿಗೆ ತೊಂದರೆ ಆಗಲ್ಲ. ನನ್ನ ಬೆರಳು ಸರಿಯಾದ್ರೆ ಬಂದು ನಾನೇ ಅವರನ್ನ ತಿದ್ತೀನಿ, ಮೇಡಂ. ಒಂದು ವೇಳೆ ಸರಿಯಾಗದೇ ಇದ್ರೆ...”

“ಸರಿಯಾಗದೇ ಇದ್ರೆ ಮಕ್ಕಳು ಎಂಟಕ್ಕೆ ಒಂಚೂರು ನಿಂತೇ ಏಳ್ತಾರೆ ಬಿಡಿ, ಅಕ್ಕಾ” ಅಂದರು ಮೇಡಂ.

ಅಕ್ಕ ಫೋನ್ ಇಟ್ಟು, ಆ ಜನರ ಮಧ್ಯೆಯೇ ಬಿಕ್ಕಿ ಬಿಕ್ಕಿ ಅತ್ತಳು. ಯಜಮಾನರು ಒಂದು ಕೈಯಲ್ಲಿ ಅವಳ ಬ್ಯಾಗು, ಇನ್ನೊಂದು ಕೈಯಲ್ಲಿ ಆ ನಾಲ್ಕು ಹಾಳೆ ಹಿಡಿದುಕೊಂಡು, ಕುಡಿಯಲು ನೀರು ಎಲ್ಲಿ ಸಿಗುತ್ತದೆ ಅಂತ ಕಾರಿಡಾರಿನಲ್ಲಿ ವಿಚಾರಿಸುತ್ತಾ ಹೋದರು.